ಕಿವಿ ಚೆನ್ನಾಗಿದ್ದ ಹುಡುಗಿ

ಬನಹಟ್ಟಿಯ ನಮ್ಮ ಶಾಲೆಯಲ್ಲಿ ಮಗ್ಗದ ಮನೆಯ ಮಕ್ಕಳ ಜೊತೆ ನಾವು ಶಿಕ್ಷಕರು ಏರುದನಿಯಲ್ಲೇ ಮಾತಾಡುತ್ತೇವೆ. ದಿನವಿಡೀ ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವರಿಗೆ ಕಿವಿ ಸ್ವಲ್ಪ ಮಂದ ಎಂಬುದು ನಮ್ಮ ನಂಬಿಕೆ. ಇಪ್ಪತ್ತು ವರ್ಷ ಹೀಗೆ ಅರಚಿ ಅರಚಿ, ನನಗೆ ಎಲ್ಲ ಗೊತ್ತಿದೆ ಎಂಬ ಸೊಕ್ಕು ಬಂದಿತ್ತು.

ಹೋದ ವರ್ಷ ಮೂರನೇ ತರಗತಿಯ ಒಬ್ಬ ಹುಡುಗಿ ಹಾಜರಿ ಕರೆದರೆ ಓಗೊಡುವುದನ್ನು ನಿಲ್ಲಿಸಿದಳು. ಬಿಸಿಯೂಟದ ತಾಟಿನಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಗೆಳತಿಯರು ಆಟಕ್ಕೆ ಕರೆದು ಕರೆದು ಸುಮ್ಮನಾದರು. ನಾನು ಎರಡನೇ ಸಲ ಯೋಚಿಸಲಿಲ್ಲ, ಕಿವಿಯದೇ ತೊಂದರೆ ಎಂದುಕೊಂಡೆ. ಒಂದು ದಿನ ಮಗ್ಗ ನಿಲ್ಲಿಸಿ ಜಮಖಂಡಿಯ ಆಸ್ಪತ್ರೆಗೆ ತೋರಿಸಿ ಎಂದು ಅವಳ ತಂದೆಗೆ ಗಂಟುಬಿದ್ದೆ. ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ತಾಯಿ ಖುಷಿಯಿಂದ ಪೇಢೆ ತಂದು ಕೊಟ್ಟರು. ನಾನೂ ತಿಂದೆ. ಹಾಗಾದರೆ ಅನ್ನ ಯಾಕೆ ಉಳಿಯುತ್ತಿದೆ ಎಂದು ಕೇಳಲಿಲ್ಲ.

ಕೆಲವು ತಿಂಗಳ ನಂತರ ಶಿಕ್ಷಕರ ತರಬೇತಿಯೊಂದರಲ್ಲಿ ವೈದ್ಯರೊಬ್ಬರು, ಎಂಟು ವರ್ಷದ ಮಕ್ಕಳಿಗೂ ಖಿನ್ನತೆ ಬರುತ್ತದೆ ಎಂದು ಅದರ ಲಕ್ಷಣ ವಿವರಿಸಿದರು. ಅವರು ಹೇಳುತ್ತಿದ್ದದ್ದು ಆ ಹುಡುಗಿಯ ಬಗ್ಗೆಯೇ.

ಮರುದಿನ ಅವಳ ಮನೆಗೆ ಹೋಗಿ, ಮನೋವೈದ್ಯರಿಗೆ ತೋರಿಸೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ. ತಂದೆ ಮಗ್ಗ ನಿಲ್ಲಿಸಿದರು.

"ಮದ್ಲ ಕೆಪ್ಪಿ ಅಂದ್ರಿ ಅಕ್ಕೋರ. ಈಗ ಹುಚ್ಚಿ ಅಂತೀರೇನ್ರಿ?"

"ಹುಚ್ಚ ಅಲ್ರೀ. ಅಕಿ ಮನಸ್ಸಿಗೆ ಆರಾಮಿಲ್ಲ."

"ಇಷ್ಟ ಸಣ್ಣ ಕೂಸಿಗೆ ಎಂಥಾ ಮನಸ್ಸಿನ ಬ್ಯಾನಿರಿ? ಇದು ಮಂದಿಗೆ ಗೊತ್ತಾದ್ರ ನಾಳೆ ಅಕಿನ್ನ ಯಾರ್ ಲಗ್ನ ಮಾಡ್ಕೋತಾರು?"

ನೂಲು ಸುತ್ತುತ್ತಿದ್ದ ತಾಯಿಯ ಪಕ್ಕದಲ್ಲೇ ಹುಡುಗಿ ಕುಳಿತಿದ್ದಳು. ಎಲ್ಲ ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ. ತಾಯಿ ಕಣ್ಣೊರೆಸಿಕೊಂಡು ಮತ್ತೆ ನೂಲು ಸುತ್ತತೊಡಗಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೇ ಬಂತು. ಆ ಮನೆಯಲ್ಲಿ ನನ್ನ ಮಾತು ಒಂದೇ ಒಂದು ಸಲ ನಡೆಯುವುದಿತ್ತು. ಅದು ಕಿವಿಯ ಪರೀಕ್ಷೆಗೇ ಖರ್ಚಾಗಿ ಹೋಗಿತ್ತು.

ವಾರದೊಳಗೆ ಅವಳ ವರ್ಗಾವಣೆ ಪತ್ರ ಒಯ್ದು, ಗಲಗಲಿಯ ಅಜ್ಜಿಯ ಮನೆಗೆ ಕಳಿಸಿಬಿಟ್ಟರು. ಅಲ್ಲಿನ ಶಿಕ್ಷಕಿಯ ನಂಬರ್ ಹುಡುಕಿ, ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಆಕೆ ಸಮಾಧಾನದಿಂದ ಕೇಳಿಸಿಕೊಂಡರು.

"ಹಂಗೇನಿಲ್ರಿ ಮೇಡಮ್, ಭಾಳ ಶಾಂತ ಹುಡುಗಿ. ಒಟ್ಟ ತ್ರಾಸ ಕೊಡೂದಿಲ್ಲ. ಅಕಿನ್ನ ನೋಡಿ ಕಲೀರಿ ಅಂತ ಉಳಿದ ಹುಡುಗ್ರಿಗೆ ದಿನಾ ಹೇಳತೇನ್ರಿ."