ನೂರ್ಡ್‌ವೈಕ್‌ನ ಗೇಟಿನ ಹೊರಗೆ ಎರಡು ಗಂಟೆ

ಶನಿವಾರ ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಹಾಲೆಂಡಿನ ಐಂಡ್‌ಹೋವನ್ ರೈಲು ನಿಲ್ದಾಣದ ಹೂವಿನಂಗಡಿಯ ಮುಂದೆ ಸೇರಬೇಕೆಂದು ಪ್ರವಾಸಕ್ಕೆ ಬರುವ ಎಲ್ಲರಿಗೂ ಮೂರು ಸಲ ಹೇಳಿದ್ದೆ. ಎಂಟು ಗಂಟೆಯ ರೈಲು ಹೇಗ್ ನಗರಕ್ಕೆ ನೇರವಾಗಿ ಹೋಗುತ್ತದೆ, ಅಲ್ಲಿಂದ ಲೈಡನ್‌ಗೆ ಕಾಲು ಗಂಟೆ. ಎಂಟಕ್ಕೆ ಐದು ನಿಮಿಷವಿರುವಾಗ ಎಣಿಸಿದರೆ ನನ್ನನ್ನೂ ಸೇರಿಸಿ ಎಂಟೇ ಜನ. ಒಂಬತ್ತನೆಯವನು ಸಂಗಮೇಶ. ಬಾಗಲಕೋಟೆಯವನು, ಇಲ್ಲಿ ಎಂ.ಎಸ್. ಓದಲು ಬಂದು ಏಳು ತಿಂಗಳಾಗಿತ್ತು. ಫೋನ್ ಎತ್ತಲಿಲ್ಲ. ರೈಲು ಹೊರಟ ಮೇಲೆ ಸೈಕಲ್ ಹೊಡೆದುಕೊಂಡು ಬಂದ, ಹೆಗಲಿಗೆ ಒಂದು ದೊಡ್ಡ ಚೀಲ.

"ಎಲ್ಲಿ ಹೋಗಿದ್ಯಪ್ಪಾ?" ಎಂದೆ.

"ಚಪಾತಿ ಮಾಡಾಕತ್ತಿದ್ದೆ ಅಕ್ಕಾರ. ಒಂಬತ್ ಮಂದಿಗೆ ಇಪ್ಪತ್ತೇಳ್ ಚಪಾತಿ ಆಗ್ಬೇಕಲ್ರಿ. ಶೇಂಗಾ ಚಟ್ನಿನೂ ತಂದೀನಿ."

ಬೈಯಲೂ ಆಗಲಿಲ್ಲ, ಹೊಗಳಲೂ ಆಗಲಿಲ್ಲ. ಉಟ್ರೆಕ್ಟ್ ಮಾರ್ಗದ ಮುಂದಿನ ರೈಲು ಹತ್ತಿದೆವು. ಹತ್ತಿದ ಮೇಲೆ ತಿಳಿಯಿತು, ಡೆನ್ ಬಾಷ್‌ನಿಂದ ಆಚೆ ಹಳಿ ದುರಸ್ತಿ. ಅಲ್ಲಿ ಇಳಿದು ಬದಲಿ ಬಸ್ಸಿನ ಸಾಲಿನಲ್ಲಿ ಮುಕ್ಕಾಲು ಗಂಟೆ ಗಾಳಿಗೆ ನಡುಗುತ್ತಾ ನಿಂತೆವು. ಏಪ್ರಿಲ್ ಬಂದರೂ ಈ ದೇಶದ ಗಾಳಿಗೆ ಅದು ಗೊತ್ತಿರಲಿಲ್ಲ.

ಈ ಪ್ರವಾಸ ನನಗೆ ಬರೀ ಪ್ರವಾಸವಾಗಿರಲಿಲ್ಲ. ನಾನು ಮೈಸೂರಿನವಳು, ಇಲ್ಲಿ ಪಿಎಚ್.ಡಿ. ಮೂರನೇ ವರ್ಷ, ಚಿಪ್‌ಗಳು ಬಿಸಿಯಾಗುವುದರ ಬಗ್ಗೆ ಕೆಲಸ. ಲೈಡನ್ ಹತ್ತಿರದ ನೂರ್ಡ್‌ವೈಕ್‌ನ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ಗಾಳಿಯನ್ನೆಲ್ಲ ಹೊರತೆಗೆದ ದೊಡ್ಡ ಕೋಣೆಯೊಳಗೆ ಉಪಗ್ರಹಗಳನ್ನಿಟ್ಟು ಕಾಯಿಸಿ, ತಣ್ಣಗಾಗಿಸಿ ಪರೀಕ್ಷಿಸುತ್ತಾರೆ. ಅದನ್ನು ಕಣ್ಣಾರೆ ನೋಡಬೇಕೆಂದು ಹೈಸ್ಕೂಲಿನಿಂದ ಆಸೆ. ಒಬ್ಬಳನ್ನೇ ಒಳಗೆ ಬಿಡುವುದಿಲ್ಲ, ಗುಂಪಾಗಿ ಬಂದರೆ ಬಿಡುತ್ತೇವೆ ಎಂದರು. ಅದಕ್ಕೇ ನಮ್ಮ ವಿದ್ಯಾರ್ಥಿ ಕೂಟದ ತಿಂಗಳ ಪ್ರವಾಸದ ಹೊಣೆಯನ್ನು ನಾನಾಗಿಯೇ ಹೊತ್ತುಕೊಂಡೆ. ಮೂರು ತಿಂಗಳು ಇಮೇಲ್ ಬರೆದ ಮೇಲೆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಎಂದು ಸಮಯ ಕೊಟ್ಟರು. ತಡವಾದರೆ ಇಲ್ಲ. ಪ್ರತಿಯೊಬ್ಬರೂ ಅಸಲಿ ಪಾಸ್‌ಪೋರ್ಟ್ ಅಥವಾ ಇಲ್ಲಿನ ವಾಸದ ಕಾರ್ಡ್ ತರಬೇಕು. ಇದನ್ನೂ ಎಲ್ಲರಿಗೂ ಮೂರು ಸಲ ಹೇಳಿದ್ದೆ.

ಲೈಡನ್ ತಲುಪಿದಾಗ ಹನ್ನೊಂದೂಕಾಲು. ಕಾಲುವೆಯ ದಂಡೆಯ ಬೆಂಚುಗಳ ಮೇಲೆ ಕುಳಿತು ಚಪಾತಿ ತಿಂದೆವು. ಚಟ್ನಿ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಸಿಟ್ಟು ಅರ್ಧ ಇಳಿಯಿತು. ಊರ ನಡುವಿನ ಹಳೆಯ ಕೋಟೆಯ ದಿಬ್ಬ ಹತ್ತಿ ಕೆಂಪು ಹೆಂಚಿನ ಮನೆಗಳನ್ನು ನೋಡಿ ಇಳಿದೆವು. ಈ ಊರಿನ ಗೋಡೆಗಳ ಮೇಲೆ ಬೇರೆ ಬೇರೆ ಭಾಷೆಗಳ ಕವಿತೆಗಳನ್ನು ದೊಡ್ಡದಾಗಿ ಬರೆದಿದ್ದಾರೆ. ಇನ್ನು ಅರ್ಧ ಗಂಟೆ ಅಡ್ಡಾಡಿ, ಹನ್ನೆರಡೂಮುಕ್ಕಾಲಕ್ಕೆ ನೂರ್ಡ್‌ವೈಕ್ ಬಸ್ಸಿಗೆ ನಿಲ್ದಾಣದಲ್ಲಿರಿ ಎಂದೆ.

ಹನ್ನೆರಡೂಮುಕ್ಕಾಲಕ್ಕೆ ಎಂಟು ಜನ.

"ಅಕ್ಕ, ಬಸ್ ಮಿಸ್ ಆದ್ರೆ ನಮ್ ಸ್ಲಾಟ್ ಹೋಗತ್ತಾ?" ಎಂದು ಕೇಳಿದವಳು ನಿಖಿತಾ, ಬೆಂಗಳೂರಿನ ಹುಡುಗಿ, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ನಾನು ಉತ್ತರ ಕೊಡುವ ಮೊದಲೇ ಬಸ್ ಹೋಯಿತು. ಐದು ನಿಮಿಷದ ನಂತರ ಸಂಗಮೇಶ ಓಡುತ್ತಾ ಬಂದ.

"ಕನ್ನಡದ ಕವಿತಾ ಎಲ್ಯರ ಐತೇನ ಅಂತ ನೋಡಾಕ ಹೋಗಿದ್ನಿ ಅಕ್ಕಾರ. ಹದಿನಾಲ್ಕ್ ಗ್ವಾಡಿ ನೋಡಿದ್ನಿ. ಸಿಗಲಿಲ್ರಿ."

"ಕನ್ನಡ ಕವಿತೆ ಓದೋದಕ್ಕೆ ಹಾಲೆಂಡಿಗೆ ಬಂದ್ಯಾ?" ಎಂದು ಕೂಗಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅರ್ಧ ಗಂಟೆಯ ನಂತರದ ಬಸ್ಸಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತೆ. ಕಿಟಕಿಯಾಚೆ ಟ್ಯೂಲಿಪ್ ಹೊಲಗಳು ಕೆಂಪು, ಹಳದಿ ಪಟ್ಟಿಗಳಾಗಿ ಓಡುತ್ತಿದ್ದವು, ಉಳಿದವರು ಫೋಟೊ ತೆಗೆಯುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಎರಡಕ್ಕೆ ಎಂಟು ನಿಮಿಷವಿರುವಾಗ ಗೇಟು ಮುಟ್ಟಿದೆವು. "ಎಲ್ಲರೂ ಕಾರ್ಡ್ ಕೈಲಿ ಹಿಡ್ಕೊಳ್ಳಿ. ಸಂಗಮೇಶ, ನಿಂದೆಲ್ಲಿ?" ಎಂದೆ. ಅವನು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಪಾಸ್‌ಪೋರ್ಟನ್ನೂ ಕಾರ್ಡನ್ನೂ ಎರಡನ್ನೂ ತೆಗೆದು ತೋರಿಸಿದ.

ನಾನು ಪರ್ಸ್ ತೆರೆದೆ. ಕಾರ್ಡ್ ಇರಲಿಲ್ಲ.

ಚೀಲ ಕೆಳಗಿಟ್ಟು ಎಲ್ಲವನ್ನೂ ಹೊರಗೆ ಸುರಿದೆ. ಆಮೇಲೆ ನೆನಪಾಯಿತು. ಶುಕ್ರವಾರ ಸಂಜೆ ಆಫೀಸಿನಲ್ಲಿ ಕರಾರು ಪತ್ರಕ್ಕೆಂದು ಕಾರ್ಡಿನ ಪ್ರತಿ ತೆಗೆದಿದ್ದೆ. ಅದು ಈಗ ನೂರಮೂವತ್ತು ಕಿಲೋಮೀಟರ್ ದೂರದಲ್ಲಿ, ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲಾಗಿ ಮಲಗಿತ್ತು.

ಕಾವಲಿನ ಹೆಂಗಸಿಗೆ ಫೋನಿನಲ್ಲಿದ್ದ ಪಾಸ್‌ಪೋರ್ಟಿನ ಫೋಟೊ ತೋರಿಸಿದೆ. ಮೂರು ತಿಂಗಳ ಇಮೇಲ್ ತೋರಿಸಿದೆ. ಪಟ್ಟಿಯಲ್ಲಿ ಮೊದಲ ಹೆಸರೇ ನನ್ನದು ಎಂದೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ನೋಡಿ, "ಹೆಲಾಸ್" ಎಂದಳು. ಏನೂ ಮಾಡುವಂತಿಲ್ಲ, ಕ್ಷಮಿಸಿ ಎಂಬುದನ್ನು ಇಲ್ಲಿಯವರು ಈ ಒಂದೇ ಪದದಲ್ಲಿ ಮುಗಿಸುತ್ತಾರೆ. ಅವಳ ತಪ್ಪೇನಿರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ನಾನೂ ಹೊರಗ ನಿಂದರ್ತೀನ್ರಿ ಅಕ್ಕಾರ," ಎಂದ ಸಂಗಮೇಶ.

"ತಲೆ ಕೆಟ್ಟಿದ್ಯಾ? ಒಳಗೆ ಹೋಗು." ಚೀಲದಿಂದ ಹೊರಬಿದ್ದಿದ್ದ ಕಾಗದಗಳಲ್ಲಿ ನನ್ನ ಪ್ರಶ್ನೆಗಳ ಪಟ್ಟಿಯೂ ಇತ್ತು, ಹದಿನೇಳು ಪ್ರಶ್ನೆ. ಅದನ್ನು ಅವನ ಕೈಗೆ ತುರುಕಿದೆ. "ಇದನ್ನ ಕೇಳು. ಎಲ್ಲಾನೂ ಕೇಳು. ಬರ್ಕೊಂಡು ಬಾ."

ಎಂಟು ಜನ ಒಳಗೆ ಹೋದರು. ಬಾಗಿಲು ಮುಚ್ಚಿತು.

ಮರಳ ದಿಬ್ಬಗಳ ನಡುವಿನ ದಾರಿ ಹಿಡಿದು ಸಮುದ್ರದ ಕಡೆ ನಡೆದೆ. ಗಾಳಿ ಮರಳನ್ನು ಎತ್ತಿ ಮುಖಕ್ಕೆ ಎಸೆಯುತ್ತಿತ್ತು. ದಂಡೆಯ ಗೂಡಂಗಡಿಯಲ್ಲಿ ಐದೂವರೆ ಯೂರೊ ಕೊಟ್ಟು ಆಲೂಗಡ್ಡೆ ಫ್ರೈಸ್ ತೆಗೆದುಕೊಂಡೆ. ಎರಡು ತುಂಡು ತಿನ್ನುವಷ್ಟರಲ್ಲಿ ಕಡಲಹಕ್ಕಿಯೊಂದು ಎರಗಿ ಪೊಟ್ಟಣವನ್ನೇ ಕೆಡವಿತು. ಆಗ ಅಳು ಬಂತು. ಹಕ್ಕಿಗಾಗಿ ಅಲ್ಲ. ಇಷ್ಟು ವರ್ಷ ಕಾದು, ಬಾಗಿಲವರೆಗೆ ಬಂದು, ನನ್ನ ಕೈಯಾರೆ ಕಳೆದುಕೊಂಡೆನಲ್ಲ ಎಂದು. ದಿನವಿಡೀ ಒಬ್ಬನನ್ನೇ ಬೈದೆನಲ್ಲ ಎಂದೂ ಇರಬಹುದು, ಆದರೆ ಆಗ ಅದನ್ನು ಒಪ್ಪಿಕೊಳ್ಳುವಷ್ಟು ಒಳ್ಳೆಯ ಮನಸ್ಥಿತಿಯಲ್ಲಿ ಇರಲಿಲ್ಲ.

ನಾಲ್ಕೂಕಾಲಕ್ಕೆ ಅವರು ಹೊರಬಂದರು. ಒಳಗೆ ಫೋಟೊ ತೆಗೆಯುವಂತಿರಲಿಲ್ಲವಂತೆ, ತೋರಿಸಲು ಏನೂ ಇಲ್ಲ. ನಿಖಿತಾಗೆ ಸಾಕಾಗಿತ್ತು. "ಅಕ್ಕ, ಇವ್ನು ಪ್ರತಿ ರೂಮಲ್ಲೂ ಕ್ವೆಶ್ಚನ್ ಕೇಳ್ದ. ಗೈಡ್‌ಗೇ ಬೆವರು ಬಂತು. ನಮ್ಗೆ ಕಾಫಿಗೂ ಟೈಮ್ ಸಿಗ್ಲಿಲ್ಲ."

ವಾಪಸು ಹೇಗ್‌ನಲ್ಲಿ ನೇರ ರೈಲು ಸಿಕ್ಕಿತು. ರೋಟರ್‌ಡ್ಯಾಮ್ ದಾಟುವಷ್ಟರಲ್ಲಿ ಉಳಿದವರೆಲ್ಲ ನಿದ್ದೆ. ಸಂಗಮೇಶ ನನ್ನೆದುರು ಕುಳಿತು ಕಾಗದ ಬಿಡಿಸಿದ. ಪಟ್ಟಿಯ ಹಿಂದೆ, ಮುಂದೆ, ಅಂಚಿನಲ್ಲಿ, ಚಪಾತಿ ಸುತ್ತಿದ್ದ ಹಾಳೆಯ ಮೇಲೆ ಕೂಡ ಬರೆದಿದ್ದ. ಹೇಳುವುದರಲ್ಲಿ ಕ್ರಮವೆಂಬುದೇ ಇಲ್ಲ. ಐದರಿಂದ ಹನ್ನೊಂದಕ್ಕೆ ಹಾರುತ್ತಾನೆ, ಅಲ್ಲಿಂದ ಎರಡಕ್ಕೆ ಬರುತ್ತಾನೆ, ಆರನೆಯದರಲ್ಲಿ ತನ್ನ ಅಕ್ಷರ ತನಗೇ ಓದಲು ಬರುವುದಿಲ್ಲ.

"ಒಂದ್ ಖೋಲಿ ಐತ್ರಿ. ಅದರ ಬಾಗಲಾನ ಅರ್ಧ ಮೀಟರ್ ದಪ್ಪ. ರಾಕೆಟ್ ಏಳುವಾಗ ಎಷ್ಟ್ ಸಪ್ಪಳ ಆಗ್ತೈತೋ ಅಷ್ಟ ಸಪ್ಪಳಾ ಅದರಾಗ ಮಾಡ್ತಾರ. ಒಳಗ ಮನಷ್ಯಾ ಇದ್ರ ಉಳಿಯಂಗಿಲ್ಲಂತ. ಉಪಗ್ರಹ ತಡ್ಕೊಂಡ್ರ ಪಾಸು."

"ಅದು ನನ್ ಪಟ್ಟೀಲಿ ಇಲ್ವಲ್ಲೋ. ಶಾಖದ್ದು ಹೇಳು."

"ಹೇಳ್ತೀನ್ರಿ. ಹದಿನೇಳರಾಗ ಒಂಬತ್ತಕ್ಕ ಉತ್ತರ ಸಿಕ್ಕಾವು. ಉಳದದ್ದು ಅವರಿಗೂ ಗೊತ್ತಿಲ್ಲಂತ." ಹಾಳೆ ತಿರುಗಿಸಿ ಹೇಳಿದ, "ಹದಿನೆಂಟನೇದ್ದು ನಾನ ಕೇಳಿದ್ನಿ. ಗೇಟಿನ ಹೊರಗ ಉಳದವ್ರು ಮತ್ತ ಯಾವಾಗ ಬರ್ಬೇಕು ಅಂತ. ವರ್ಷದಾಗ ಒಂದಿನ ಎಲ್ಲಾರಿಗೂ ಬಿಡ್ತಾರಂತ. ಗುಂಪು ಬೇಕಾಗಿಲ್ಲ. ಹೆಸರು ಹಚ್ಚೂದು ಹ್ಯಾಂಗಂತ ಬರಕೊಂಡೀನಿ."

ನಾನು ಕಿಟಕಿಯ ಕಡೆ ತಿರುಗಿದೆ. ರೈಲು ಹಾಲಂಡ್ಸ್ ಡೀಪ್‌ನ ಉದ್ದನೆಯ ಸೇತುವೆಯ ಮೇಲಿತ್ತು. ಕೆಳಗೆ ಅಗಲವಾದ ನೀರು, ಸಂಜೆಯ ಬಿಸಿಲು, ಸರಕು ತುಂಬಿದ ಒಂದು ದೋಣಿ ನಿಧಾನವಾಗಿ ಹೋಗುತ್ತಿತ್ತು.

"ಸಿಟ್ಟಾದ್ರೇನ್ರಿ ಅಕ್ಕಾರ?"

"ಇಲ್ಲ ಕಣೋ," ಎಂದೆ. "ಆ ಸಪ್ಪಳದ ಕೋಣೆ ವಿಷಯ ಇನ್ನೊಂದ್ಸಲ ಹೇಳು. ಈ ಸಲ ಮೊದ್ಲಿಂದ ಹೇಳು, ಒಂದು ಕ್ರಮವಾಗಿ."