ರೇವಮ್ಮನ ಪಾಲಿನ ಕಾದಂಬರಿ

ಅತ್ತೆ ರೇವಮ್ಮ ಆ ದಪ್ಪ ಕಾದಂಬರಿಯನ್ನು ನಾಲ್ಕು ತುಂಡು ಮಾಡಿಸಿಕೊಂಡು ಬಂದ ದಿನ ತೇಜಶ್ರೀಗೆ ಅಳುವೇ ಬಂದಿತ್ತು. ಪುಸ್ತಕ ಅವಳದು. ಬಸುರಿಯಾಗಿದ್ದಾಗ ಓದೋಣವೆಂದು ತಂದಿದ್ದಳು, ಮಗು ಹುಟ್ಟಿದ ಮೇಲೆ ಅದು ಅಲ್ಲಾಡುವ ತೊಟ್ಟಿಲಿನ ಕಾಲಿಗೆ ಒತ್ತಾಗಿತ್ತು. ರಾಣಿ, ಮಾಂತ್ರಿಕ, ಬೆಂಕಿ ಉಗುಳುವ ರೆಕ್ಕೆಹಾವು, ಏನೇನೋ ಇದ್ದ ಕಾದಂಬರಿ. ರೇವಮ್ಮ ಅದನ್ನು ಹಾಸನದಲ್ಲಿ ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕುವ ಮಂಚಯ್ಯನ ಹತ್ತಿರ ಕೊಂಡೊಯ್ದು, ಹಲಸಿನಹಣ್ಣು ಬಿಡಿಸಿದಂತೆ ಬಿಡಿಸಿ, ಒಂದೊಂದು ತುಂಡಿಗೂ ಒಂದೊಂದು ಬಣ್ಣದ ರಟ್ಟು ಹಾಕಿಸಿದ್ದರು.

"ಒಬ್ರು ಓದಿ ಮುಗ್ಸೋಗಂಟ ಮಿಕ್ಕವ್ರು ಬಾಯ್ಬುಟ್ಕಂಡು ಕೂತಿರ್ಬೇಕಾ? ಇಂಗಾದ್ರೆ ನಾಕು ಜನ್ವೂ ಒಟ್ಗೇ ಓದ್ಬೋದು ಕಣವ್ವ" ಎಂದರು.

ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದ ಹೆಂಗಸು. ಓದುವ ಚಟ ಮಾತ್ರ ಜೊತೆಯಲ್ಲೇ ಬಂದಿತ್ತು. ಮಾವ ದೊಡ್ಡಯ್ಯ ಅಂಗಡಿಯಿಂದ ಸಾಮಾನು ತಂದರೆ ರೇವಮ್ಮ ಮೊದಲು ಪೊಟ್ಟಣದ ಕಾಗದ ಬಿಚ್ಚಿ ಓದಿದ ಮೇಲೆಯೇ ಬೇಳೆ ಡಬ್ಬಕ್ಕೆ ಬೀಳುತ್ತಿದ್ದುದು. ಉಪ್ಪಿಟ್ಟು ಸೀದಿದ್ದರೆ ಹೆಂಡತಿ ಯಾವುದೋ ಒಳ್ಳೇ ಅಧ್ಯಾಯದಲ್ಲಿದ್ದಾಳೆಂದು ತಿಳಿದು ದೊಡ್ಡಯ್ಯ ಸದ್ದಿಲ್ಲದೆ ತಿನ್ನುತ್ತಿದ್ದರು.

ಶಾಂತಿಗ್ರಾಮದ ಹಾಲಿನ ಡೇರಿಯೇ ಈ ಓದುಗರ ಕಟ್ಟೆ. ಒಂದನೇ ತುಂಡು ರೇವಮ್ಮನದು. ಎರಡನೆಯದು ಪಕ್ಕದ ಬೀದಿಯ ಸಣ್ಣಕ್ಕನಿಗೆ. ಹಸು ಮೇಯಿಸುತ್ತಾ ಓದುವುದರಿಂದ ಅವಳ ಓದೂ ಹಸುವಿನ ವೇಗದಲ್ಲೇ ಸಾಗುತ್ತಿತ್ತು. ಮೂರನೆಯದು ಹಾಲು ಕೊಳ್ಳಲು ಬರುವ ನಿವೃತ್ತ ಟೀಚರ್ ಕಾವೇರಮ್ಮನಿಗೆ. ನಾಲ್ಕನೆಯದು ಡೇರಿ ಸೆಕ್ರೆಟರಿ ಚನ್ನಬಸವಯ್ಯನಿಗೆ. ನಡುವಿನಿಂದಲೋ ಕೊನೆಯಿಂದಲೋ ಶುರುಮಾಡಿದರೆ ಕಥೆ ಅರ್ಥವಾಗುವುದು ಹೇಗೆ ಎಂಬ ಪ್ರಶ್ನೆ ತೇಜಶ್ರೀಯ ಹೊರತು ಇನ್ನಾರಿಗೂ ಹೊಳೆದಿರಲಿಲ್ಲ.

ಕಾವೇರಮ್ಮ ಒಂದು ನಿಯಮ ಮಾಡಿದ್ದರು. ಪಾತ್ರಗಳ ಗುಣದ ಬಗ್ಗೆ ಎಷ್ಟಾದರೂ ಮಾತಾಡಬಹುದು, ಏನು ನಡೆಯಿತೆಂದು ಮಾತ್ರ ಬಾಯಿಬಿಡಬಾರದು. ಹೀಗಾಗಿ ದಿನಾ ಬೆಳಿಗ್ಗೆ ಕ್ಯಾನುಗಳ ನಡುವೆ ಮಾಂತ್ರಿಕನ ವಿಚಾರಣೆ ನಡೆಯುತ್ತಿತ್ತು. ಒಂದನೇ ತುಂಡಿನ ರೇವಮ್ಮನ ಪ್ರಕಾರ ಅವನು ಲಕ್ಷಣವಾದ ಹುಡುಗ, ಸ್ವಲ್ಪ ಹಟಮಾರಿ. ಸಣ್ಣಕ್ಕನಿಗೆ ಅವನ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಕಾವೇರಮ್ಮನ ತುಂಡಿನಲ್ಲಿ ಅವನು ಸೆರೆಮನೆಯಿಂದ ಕದಲಿಯೇ ಇರಲಿಲ್ಲ, ಅಂಥ ಸೋಮಾರಿಯ ಬಗ್ಗೆ ಹೇಳುವುದೇನೆಂದು ಅವರ ವಾದ. ಚನ್ನಬಸವಯ್ಯ ಮಾತ್ರ, ದೇವರಂಥ ಮನುಷ್ಯ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನ ತಕರಾರೇನಿದ್ದರೂ ಬರೆದವನ ಮೇಲೆ. ರಾಣಿಯ ಕುದುರೆ ಅಷ್ಟು ದುಡಿದರೂ ಅದಕ್ಕೆ ಒಂದು ಹಿಡಿ ಹುಲ್ಲು, ಒಂದು ಬೊಗಸೆ ಬೂಸಾ ಹಾಕಿದ ಮಾತೇ ಬಂದಿಲ್ಲವಂತೆ.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಅದರ ಮೇಲೆ ಮಗನ ಊಟ ನಿಂತಿರದಿದ್ದರೆ.

ಯಶಸ್‌ಗೆ ಮೂರು ತುಂಬಿತ್ತು. ತೂಕ ಸ್ವಲ್ಪ ಕಮ್ಮಿ ಎಂದು ಹಾಸನದ ಡಾಕ್ಟರು ಒಮ್ಮೆ ಅಂದಿದ್ದರು. ಆ 'ಸ್ವಲ್ಪ' ಎಷ್ಟು ಎಂಬ ಯೋಚನೆಯಲ್ಲಿ ತಾಯಿಯ ತೂಕವೇ ಇಳಿದಿತ್ತು. ಅವಳು ಉಣ್ಣಿಸಿದರೆ ಬಾಯಿ ಬಿಡದ ಹುಡುಗ ಅಜ್ಜಿ ರೆಕ್ಕೆಹಾವಿನ ಕಥೆ ಹೇಳತೊಡಗಿದರೆ ತಟ್ಟೆ ಖಾಲಿ ಮಾಡುತ್ತಿದ್ದ. ಹಾವು ರೆಕ್ಕೆ ಬಿಚ್ಚಿದರೆ ಒಂದು ತುತ್ತು, ಬೆಂಕಿ ಉಗುಳಿದರೆ ಎರಡು.

ಒಂದನೇ ತುಂಡಿನ ಕೊನೆಯ ಪುಟದಲ್ಲಿ ಮಾಂತ್ರಿಕ ಆ ಹಾವನ್ನು ಗುಹೆಗೆ ತಳ್ಳಿ ಬಂಡೆ ಮುಚ್ಚಿದ. ಯಶಸ್ ಬಾಯಿ ಮುಚ್ಚಿದ.

"ಹಾವು ಆಚೆ ಬಂತಾ ಅಜ್ಜಿ?"

ರೇವಮ್ಮನಿಗೆ ಗೊತ್ತಿರಲಿಲ್ಲ. ರಾತ್ರಿ ಅನ್ನ ಹಾಗೇ ಉಳಿಯಿತು. ತೇಜಶ್ರೀ ಥರ್ಮಾಮೀಟರ್ ಇಟ್ಟಳು, ಫೋನಿನಲ್ಲಿ ಏನೇನೋ ಹುಡುಕಿ ಇನ್ನಷ್ಟು ಹೆದರಿದಳು. ಹಾವು ಆಚೆ ಬಂತು ಅಂದುಬಿಡಿ ಅತ್ತೆ, ಅಷ್ಟೇ ತಾನೇ ಎಂದು ಅಂಗಲಾಚಿದಳು. ರೇವಮ್ಮ ಒಪ್ಪಲಿಲ್ಲ.

"ಪುಸ್ತಕದಾಗೆ ಬ್ಯಾರೆ ಇದ್ರೆ? ಆಮ್ಯಾಕೆ ಇವ್ನು ನನ್ನ ಯಾವ್ ಕತೆ ನಂಬ್ತಾನೆ?"

ಬೆಳಿಗ್ಗೆ ಹಾಲನ್ನೂ ಕುಡಿಯಲಿಲ್ಲ ಹುಡುಗ. ತೇಜಶ್ರೀ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮೊಸರನ್ನದ ಡಬ್ಬಿ, ಚಮಚ ಹಿಡಿದು ಅತ್ತೆಯ ಹಿಂದೆ ಡೇರಿಗೇ ಹೊರಟಳು. ಮಾಂತ್ರಿಕನ ವಿಚಾರಣೆಯ ನಡುವೆ ನಿಂತು, ನಿಯಮ ಗೊತ್ತಿದ್ದೂ ಕೇಳಿಯೇಬಿಟ್ಟಳು. ಗುಹೆಯ ಹಾವು ಏನಾಯಿತು?

ಎಲ್ಲರೂ ಸಣ್ಣಕ್ಕನ ಕಡೆ ತಿರುಗಿದರು. ಅವಳು ಕ್ಯಾನಿನ ಮುಚ್ಚಳ ತಿರುಗಿಸುತ್ತಾ ಮೆಲ್ಲಗೆ ಅಂದಳು: "ಸತ್ತೋಯ್ತು ಕಣವ್ವ."

ಯಶಸ್‌ನ ತುಟಿ ನಡುಗಿತು. ಕೇಳಬಾರದಿತ್ತು, ಇನ್ನು ಜನ್ಮದಲ್ಲಿ ಇವನು ಉಣ್ಣುವುದಿಲ್ಲ ಎಂದು ತೇಜಶ್ರೀ ತನ್ನನ್ನೇ ಶಪಿಸಿಕೊಂಡಳು. ರೇವಮ್ಮ ಕಾವೇರಮ್ಮನ ಮುಖ ನೋಡಿದರು. ನಿಯಮ ಮಾಡಿದ ಕಾವೇರಮ್ಮ ಹುಡುಗನನ್ನೂ ಡಬ್ಬಿಯನ್ನೂ ನೋಡಿ ಕನ್ನಡಕ ತೆಗೆದರು.

"ಅದೇ ಗುಹೇಲಿ ಒಂದು ಮೊಟ್ಟೆ ಇತ್ತು ಕಣಪ್ಪಾ. ರಾಣಿ ಅದನ್ನ ಸೆರಗಲ್ಲಿ ಸುತ್ತಿ ಕಾವು ಕೊಟ್ಟಳು. ಮರಿ ಬಂತು. ಅದಕ್ಕೆ ಕೆಂಡ ಅಂತ ಹೆಸರಿಟ್ಟಳು."

ಹಾಲಿನ ಡಿಗ್ರಿ ನೋಡುತ್ತಿದ್ದ ಚನ್ನಬಸವಯ್ಯ ತಲೆಯೆತ್ತಿದ.

"ಕೆಂಡನಾ? ಟೀಚರಮ್ಮ, ಕೆಂಡ ಕುದ್ರೆ ಅಲ್ವಾ?"

ನಾಲ್ಕನೇ ತುಂಡಿನ ತುಂಬಾ ರಾಣಿ ಕೆಂಡನ ಮೇಲೇ ಕೂತು ತಿರುಗುತ್ತಾಳೆ, ಬರೀ ಹೆಸರೇ ಇದೆ, ಕುದುರೆ ಅಂದುಕೊಂಡೇ ಓದಿಬಿಟ್ಟೆ ಎಂದು ಅವನು ತೊದಲಿದ. ಮೇಲಿಂದ ಸಮುದ್ರ ದಾಟಿದಾಗಲೂ, ಇಂಥ ಕಥೆಗಳಲ್ಲಿ ಕುದುರೆಗಳು ಹಾಗೇ ಇರುತ್ತವೆಂದುಕೊಂಡನಂತೆ.

"ಬಾಯಾಗೆ ಬೆಂಕಿ ಬತ್ತಿರ್ನಿಲ್ವಾ?" ಎಂದಳು ಸಣ್ಣಕ್ಕ.

"ಬತ್ತಿತ್ತು. ಕಾಯ್ಲೆ ಇರ್ಬೋದು ಅನ್ಕಂಡೆ. ಮೇವೇ ಆಕ್ದಿದ್ರೆ ಇನ್ನೇನಾದದು?"

ರೇವಮ್ಮ ಮಾತ್ರ ನಗಲಿಲ್ಲ. ಕೊನೇವರೆಗೂ ಬದುಕಿರುತ್ತದೆಯೇ, ಅದನ್ನು ಹೇಳು ಎಂದರು.

"ಕೊನೇ ಪುಟದಾಗೂ ಆಕಾಸ್ದಾಗೆ ಆರ್ತಾನೇ ಅದೆ ಅಕ್ಕ."

ಯಶಸ್ ಅಮ್ಮನ ಸೊಂಟದಿಂದ ಜಾರಿ ಇಳಿದು ಚನ್ನಬಸವಯ್ಯನ ಮುಂದೆ ನಿಂತ. "ಅದರ ಅಮ್ಮ ಇಲ್ವಲ್ಲ. ಯಾರು ಊಟ ಮಾಡಿಸ್ತಾರೆ?"

ಚನ್ನಬಸವಯ್ಯ ಹಸಿರು ರಟ್ಟಿನ ತನ್ನ ತುಂಡನ್ನು ಗಂಭೀರವಾಗಿ ತಿರುವಿ ಹಾಕಿದ. "ಬರ್ದಿಲ್ಲ ಕಣ್ ಮಗ. ನಾನು ಅದ್ನೇ ಬಡ್ಕತಾ ಇರೋದು."

ಹುಡುಗ ಡಬ್ಬಿಯತ್ತ ತಿರುಗಿದ. "ಅದೇ ತಿನ್ನುತ್ತೆ" ಎಂದು, ಅಮ್ಮನ ಕೈಯಿಂದ ಡಬ್ಬಿಯನ್ನೂ ಚಮಚವನ್ನೂ ಕಿತ್ತುಕೊಂಡು ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕೂತ. ಮೊದಲ ತುತ್ತು ಅಂಗಿಗೆ ಹೋಯಿತು, ಎರಡನೆಯದು ಬಾಯಿಗೆ. ಒರೆಸಲು ಬಾಗಿದ ತೇಜಶ್ರೀಯ ಕೈಯನ್ನು ರೇವಮ್ಮ ಹಿಡಿದರು. "ಬುಡವ್ವ. ಮರಿ ತಿಂತಾ ಅದೆ."

ಡಬ್ಬಿ ಖಾಲಿಯಾಯಿತು. ಕಥೆಯೆಲ್ಲ ಗೊತ್ತಾಗಿಹೋದದ್ದಕ್ಕೆ ಸಣ್ಣಕ್ಕನಿಗೇ ಬೇಜಾರಾಗಿ, ತನ್ನ ಎರಡನೇ ತುಂಡನ್ನು ಅರ್ಧಕ್ಕೇ ಬಿಟ್ಟು ರೇವಮ್ಮನ ಕೈಗಿತ್ತಳು. ಹಾವು ಸತ್ತಿತೆಂದು ಕೇಳಿದರೆ ಆಯಿತೇ, ಹೇಗೆ ಸತ್ತಿತೆಂದು ಓದಬೇಡವೇ ಎಂದು ರೇವಮ್ಮ ಅಲ್ಲೇ ಪುಟ ತೆರೆದರು.

ಇಷ್ಟು ಬೇಗ ನುಂಗಿದರೆ ನೆತ್ತಿಗೆ ಹತ್ತುವುದಿಲ್ಲವೇ ಎಂಬ ಹೊಸ ಚಿಂತೆ ಹೊತ್ತು ತೇಜಶ್ರೀ ಮನೆಗೆ ಹೊರಟಳು. ಹಾಸನದ ಬಸ್ಸುಗಳು ಭರ್ರನೆ ಹೋಗುವ ರಸ್ತೆ ದಾಟುವಾಗ ಒಂದು ಕೈಯಲ್ಲಿ ಮಗನನ್ನು ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ, ಪುಸ್ತಕದಿಂದ ತಲೆಯೆತ್ತದೆ ನಡೆಯುತ್ತಿದ್ದ ಅತ್ತೆಯನ್ನು.