ನಡುಗಡ್ಡೆಯ ಮೇಲೆ ಕುಳಿತು ನಡುಗಡ್ಡೆ ಕೇಳಿದವರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾವು ಹೊರಟಾಗ ಹೊಂಗೆ ಚಿಗುರಿತ್ತು ಅಂತ ನನ್ನ ನೆನಪು. ಆದರೆ ಬೇರೆ ಯಾವುದೋ ವರ್ಷದ ಹೊಂಗೆಯನ್ನು ತಂದು ಇಲ್ಲಿಗೆ ಅಂಟಿಸಿರಲೂಬಹುದು. ದಿನಚರಿ ಬರೆಯುವವಳಿಗೆ ಇಂಥ ಅನುಮಾನ ಬರಬಾರದಲ್ಲ ಎನ್ನುತ್ತೀರಿ. ಬರೆಯುವುದರಿಂದಲೇ ಬರುತ್ತದೆ. ಬರೆದಿಟ್ಟ ದಿನವನ್ನು ಮಾರನೆಯ ದಿನ ಓದಿದರೆ ಯಾರೋ ಇಸ್ತ್ರಿ ಮಾಡಿಟ್ಟ ಹಾಗಿರುತ್ತದೆ; ನಾನು ಕಳೆದ ದಿನ ಅಷ್ಟು ನೆಟ್ಟಗಿರಲಿಲ್ಲ.

ಆದರೂ ಒಂದು ನೆನಪನ್ನು ಮಾತ್ರ ನಾನು ಎಂದೂ ಅನುಮಾನಿಸಿರಲಿಲ್ಲ. ಅಮ್ಮ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳ ಬಗ್ಗೆ ನನಗಿರುವುದು ಇದೊಂದೇ: ಸೊಂಟದ ಮಟ್ಟ ಕೆಂಪು ನೀರು, ಅವಳ ಹೆಗಲ ಮೇಲೆ ನಾನು, ನನ್ನ ಮುಷ್ಟಿಯಲ್ಲಿ ಅವಳ ಒದ್ದೆ ಕೂದಲು, ಎದುರಿಗೆ ಹೊಳೆಯ ನಡುವೆ ನಮ್ಮ ತಿಟ್ಟು. ತಿಟ್ಟೆಂದರೆ ನಡುಗಡ್ಡೆ. ಕೊರಟಗೆರೆ ಕಡೆಯ ನಮ್ಮ ತಾಯಿಯ ತವರಿನವರು ಜಯಮಂಗಲಿ ಹೊಳೆಯ ನಡುವಿನ ಆ ದಿಬ್ಬದಲ್ಲಿ ಹುರುಳಿ ಹಾಕುತ್ತಿದ್ದರು. ಅಮ್ಮ ಹೆಜ್ಜೆ ಹೆಜ್ಜೆಗೂ ನೀರಿನೊಂದಿಗೆ ಏನೋ ಮಾತಾಡುತ್ತಿದ್ದಳು. ಆ ದನಿ ಇನ್ನೂ ಕಿವಿಯಲ್ಲಿದೆ. ಮಾತುಗಳು ಮಾತ್ರ ಇಲ್ಲ.

ನನ್ನನ್ನು ಸಾಕಿದ್ದು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಈಗ ಬರಗೂರಿನಲ್ಲಿ ಮಗಳು ಅಳಿಯನ ಜೊತೆಗಿದ್ದಾಳೆ. ಮಂಡಿಯ ಆಪರೇಷನ್ನಿಗೆ ಮುಂಚೆ ಒಂದು ಸಲ ತಿಟ್ಟು ನೋಡಬೇಕು ಎಂದು ಅವಳು ಅಂದಳು. ನನಗೂ ಬೇಕಿತ್ತು. ಅಳಿಯ, ಅಂದರೆ ನಮ್ಮ ನಾಗರಾಜ ಭಾವ, ಅದನ್ನು ತಕ್ಷಣ ಪ್ರವಾಸವಾಗಿ ಬದಲಾಯಿಸಿಬಿಟ್ಟರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು ಅವರು. ನೇರ ದಾರಿಯಲ್ಲಿ ಹೋಗುವುದೆಂದರೆ ಅವರಿಗೆ ಏನೋ ಕಳೆದುಕೊಂಡ ಹಾಗೆ.

“ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆ. ಬೆಟ್ಟ, ಹೊಳೆ, ಐಲ್ಯಾಂಡು, ಎಲ್ಲ ಒಂದೇ ಟಿಕೇಟಲ್ಲಿ ಕಣಮ್ಮ!” ಎಂದು ಹಳೆಯ ವ್ಯಾನಿನ ಬಾಗಿಲು ತೆಗೆದರು. ಅವರ ಹೆಂಡತಿ, ನಮ್ಮ ಅಕ್ಕ, ಬುದ್ಧಿವಂತೆ; ಬರಲಿಲ್ಲ.

ನಮ್ಮ ಕಡೆ ಹಳೆಯ ಕಾಲದ ಅತ್ತೆಯರು ಅಳಿಯನನ್ನು ನೇರವಾಗಿ ಮಾತಾಡಿಸುವುದಿಲ್ಲ. ಹಾಗಾಗಿ ಹಿಂದೆ ಕೂತ ದೊಡ್ಡಮ್ಮ ನನಗೆ ಹೇಳುವುದು, ಮುಂದೆ ಕೂತ ನಾನು ಭಾವನಿಗೆ ಹೇಳುವುದು.

“ಲೇ, ನಿಮ್ ಭಾವಂಗೇಳು, ಇದು ಪಾವಗಡದ ದಾರಿ. ಹೊಳೆ ಆ ಕಡೀಕೈತೆ.”

“ಭಾವ, ಇದು ಪಾವಗಡದ ದಾರಿಯಂತೆ.”

“ನಿಮ್ ದೊಡ್ಡಮ್ಮಂಗೆ ಹೇಳಮ್ಮ, ಈ ರೂಟ್ನಾಗೆ ಸರ್ವೀಸೆಲ್ಲ ಕಳ್ದಿದೀನಿ ಅಂತ.”

ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದ ಇಬ್ಬರ ನಡುವೆ ನಾನು ದಿನವಿಡೀ ಸೇತುವೆಯಾಗಿ ಬಿದ್ದುಕೊಂಡಿದ್ದೆ. ನೀರಿಲ್ಲದ ಸೀಮೆಯಲ್ಲಿ ಸೇತುವೆಗೆ ಇಷ್ಟು ಕೆಲಸವಿದೆಯೆಂದು ಗೊತ್ತಿರಲಿಲ್ಲ.

ಕ್ಯಾತಗಾನಚೆರ್ಲು ಹತ್ತಿರ ಭಾವ ಒಂದು ದಿಣ್ಣೆಯ ಮೇಲೆ ವ್ಯಾನು ನಿಲ್ಲಿಸಿದರು. ಕೆಳಗೆ ಕಣ್ಣು ಹರಿದಷ್ಟು ದೂರ ನೀರು! ಅಲ್ಲಲ್ಲಿ ಬಂಡೆಗಳು ದ್ವೀಪಗಳಂತೆ ತಲೆ ಎತ್ತಿದ್ದವು. ಈ ಬರಡಿನಲ್ಲಿ ಇಷ್ಟು ದೊಡ್ಡ ಕೆರೆಯೇ ಎಂದು ನಾನು ಉದ್ಗರಿಸಿಯೂ ಬಿಟ್ಟೆ. ದಾರಿಯಲ್ಲಿ ಹುಲ್ಲಿನ ಹೊರೆ ಇಳಿಸಿ ಕೂತಿದ್ದ ಹೆಂಗಸು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

“ನೀಳ್ಳು ಕಾದಮ್ಮಾ, ಸೋಲಾರು! ನೀರಿದ್ದಿದ್ರೆ ನಾವ್ಯಾಕೆ ಭೂಮಿ ಕೊಡ್ತಿದ್ವಿ?”

ಅವಳ ಅರ್ಧ ತೆಲುಗು ನನಗೆ ಪೂರ್ತಿ ಅರ್ಥವಾಯಿತು. ಕಣ್ಣು ಕುಕ್ಕುತ್ತಿದ್ದದ್ದು ನೀರಲ್ಲ, ಸಾಲು ಸಾಲು ಸೌರ ಫಲಕಗಳು. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ, ಸಾಕ್ಷಿಯನ್ನು ಹೇಗೆ ಪರೀಕ್ಷಿಸಬೇಕೆಂದು ಪುಟಗಟ್ಟಲೆ ಬರೆದು ಪಾಸಾದವಳು ನಾನು. ಹಾಡುಹಗಲು ನನ್ನ ಕಣ್ಣು ಬಿಸಿಲನ್ನೇ ನೀರೆಂದು ಸಾಕ್ಷಿ ಹೇಳಿತ್ತು. ಹಾಗಾದರೆ ಆ ಸೊಂಟದ ಮಟ್ಟದ ಕೆಂಪು ನೀರು?

ಅನುಮಾನ ಒಂದು ಸಲ ಒಳಗೆ ಬಂದರೆ ನೆಂಟರ ಹಾಗೆ ಚಪ್ಪಲಿ ಬಿಟ್ಟು ಕೂತೇಬಿಡುತ್ತದೆ. ಮಧುಗಿರಿಯ ಏಕಶಿಲೆ ಕಿಟಕಿಯ ತುಂಬ ಬಂದಾಗ ಭಾವ ಕೋಟೆಯ ಸುರಂಗದ ಕತೆ ಹೇಳುತ್ತಿದ್ದರು; ಅವರ ಲೆಕ್ಕದಲ್ಲಿ ನಾಲ್ಕು ತಾಲ್ಲೂಕಿನ ಕೋಟೆಗಳೆಲ್ಲ ಭೂಮಿಯೊಳಗೆ ಕೈ ಕೈ ಹಿಡಿದುಕೊಂಡಿವೆ. ನಾನು ಹೂಂಗುಟ್ಟುತ್ತ ನನ್ನ ನೆನಪನ್ನೇ ಹೊರಗೆಳೆದು ನೋಡುತ್ತಿದ್ದೆ. ಅದರಲ್ಲೊಂದು ವಿಚಿತ್ರವಿತ್ತು. ಆ ಚಿತ್ರದಲ್ಲಿ ಹೆಗಲ ಮೇಲಿನ ಮಗುವೂ ನನಗೆ ಕಾಣಿಸುತ್ತದೆ. ಮಗುವೇ ನಾನಾದರೆ, ದಡದಲ್ಲಿ ನಿಂತು ನೋಡಿದ್ದು ಯಾರು? ಸ್ವಂತ ನೆನಪಿನಲ್ಲಿ ನನ್ನ ಬೆನ್ನು ನನಗೇ ಕಾಣುವುದೆಂದರೆ, ಅದು ನೆನಪೋ, ಯಾರೋ ಹೇಳಿದ್ದನ್ನು ಕೇಳಿ ಕೇಳಿ ನಾನು ಬರೆದುಕೊಂಡ ಚಿತ್ರವೋ? ಹೇಳಿರಬಹುದಾದವಳು ಒಬ್ಬಳೇ. ಅವಳು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಕೊರಟಗೆರೆ ದಾಟಿ, ಜಾಲಿಯ ನಡುವಿನ ಬಂಡಿದಾರಿಯಲ್ಲಿ ಇಳಿದು ಏರಿ, ಮಧ್ಯಾಹ್ನದ ಹೊತ್ತಿಗೆ ಒಂದು ಹೊಂಗೆ ಮರದ ಕೆಳಗೆ ನಿಂತೆವು. ದಾರಿ ತಪ್ಪಿದ್ದು ಖಚಿತವಾಗಿತ್ತು. ಆದರೆ ಹಸಿವಾಗಿದ್ದರಿಂದ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆವು. ಆಡು ಕಾಯುತ್ತ ಬಂದವನೊಬ್ಬನನ್ನು ಭಾವ ಕೂಗಿದರು.

“ಏನಪ್ಪ ಯಜಮಾನ, ಇಲ್ಲಿ ಹೊಳೆ ಮಧ್ಯ ಒಂದು ತಿಟ್ಟಿತ್ತಂತಲ್ಲ, ಹೆಂಗೆ ಹೋಗ್ಬೇಕು?”

ಅವನು ನಮ್ಮನ್ನೂ ರೊಟ್ಟಿಯನ್ನೂ ನೋಡಿದ. “ತಿಟ್ಟಿನ ಮ್ಯಾಲೇ ಕುಂತು ಉಣ್ತಾ ಇದೀರಲ್ಲ ಸ್ವಾಮಿ.”

“ಮತ್ತೆ ಹೊಳೆ?”

“ಆಗ್ಲೇ ದಾಟ್ಕಂಡು ಬಂದ್ರಲ್ಲ. ಜಾಲಿ ಗಿಡ, ಗುಂಡಿ? ಅದೇಯ.”

ನಾನು ನಕ್ಕುಬಿಟ್ಟೆ. ಸುತ್ತಲೂ ನೀರಿರುವ ಭೂಭಾಗಕ್ಕೆ ದ್ವೀಪವೆನ್ನುತ್ತಾರೆ ಎಂದು ಶಾಲೆಯಲ್ಲಿ ಉರು ಹೊಡೆದಿದ್ದೆವು. ನೀರು ಎದ್ದು ಹೋದ ಮೇಲೆ ಅದನ್ನು ಏನೆನ್ನಬೇಕೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ದೊಡ್ಡಮ್ಮ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟು ಸೆರಗಿನ ತುದಿ ಹುಡುಕಿದಳು. ಅಲ್ಲೊಂದು ಗಂಟು. ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡ ಅರಿಶಿನದ ಅಕ್ಕಿ. ಹೊಳೆ ದಾಟುವ ಹೆಂಗಸು ಗಂಗಮ್ಮನಿಗೆ ನಾಲ್ಕು ಕಾಳು ಹಾಕಿ, ದಾರಿ ಕೇಳಿಯೇ ಕಾಲಿಡಬೇಕೆಂಬುದು ಅವರ ಮನೆಯ ಪದ್ಧತಿ.

“ಕೇಳ್ದೇನೇ ದಾಟ್ಬುಟ್ವಲ್ಲೇ!” ಅವಳ ಮುಖ ಸಣ್ಣದಾಗಿತ್ತು. “ಇಷ್ಟು ವರ್ಸ ಆದ್ಮೇಲೆ ಬಂದು, ಕಳ್ಳರಂಗೆ ನುಗ್ಬುಟ್ವಿ. ಏಳು, ವಾಪಸ್ ಹೋಗಾನ.”

“ನೀರೇ ಇಲ್ಲವಲ್ಲ ದೊಡ್ಡಮ್ಮ.”

“ನೀರಿಲ್ದಿದ್ರೇನು? ಮನೆಯೋರು ಮಲ್ಗವ್ರೆ ಅಂತ ಬಾಗ್ಲು ತಟ್ದೇನೇ ಒಳೀಕ್ ಹೋಗ್ತೀಯ?”

ಭಾವ ಮೆಲ್ಲಗೆ, “ನಿಮ್ ದೊಡ್ಡಮ್ಮಂಗೆ ಹೇಳಮ್ಮ, ವ್ಯಾನಲ್ಲೇ ಕೂತ್ರೆ ಆ ಕಡೆ ಬಿಟ್ಟು…” ಎಂದರು. ಆ ವಾಕ್ಯವನ್ನು ದಾಟಿಸುವ ಧೈರ್ಯ ಸೇತುವೆಗೆ ಬರಲಿಲ್ಲ.

ಅಂತೂ ಆ ದಡಕ್ಕೆ ವ್ಯಾನಿನಲ್ಲಿ ಹೋಗಿ, ಅಲ್ಲಿಂದ ಈ ಕಡೆಗೆ ನಡೆದು ಬರುವುದೆಂದು ತೀರ್ಮಾನವಾಯಿತು. ದೊಡ್ಡಮ್ಮ ಚಪ್ಪಲಿ ಬಿಟ್ಟಳು. ನಾನೂ ಬಿಟ್ಟೆ. ಗಂಟು ಬಿಚ್ಚಿ ನಾಲ್ಕು ಕಾಳನ್ನು ಒಣ ಮರಳಿಗೆ ಹಾಕಿದಳು. ಆಮೇಲೆ, ನನಗೆ ನಿಜಕ್ಕೂ ಇದು ಸರಿಯಾಗಿ ನೆನಪಿದೆ, ಸೀರೆಯ ನೆರಿಗೆಯನ್ನು ಮಂಡಿಯವರೆಗೆ ಎತ್ತಿ ಹಿಡಿದಳು. ಒದ್ದೆಯಾಗಬಾರದಲ್ಲ! ಇನ್ನೊಂದು ಕೈ ನನ್ನ ಭುಜದ ಮೇಲೆ. ಹೆಜ್ಜೆ ಹೆಜ್ಜೆಗೂ ಹೇಳತೊಡಗಿದಳು:

“ದಾರಿ ಬುಡವ್ವ… ಹೆಗಲ್ ಮ್ಯಾಲೆ ಕೂಸೈತೆ… ದಾರಿ ಬುಡವ್ವ…”

ಅದೇ ದನಿ. ಇಷ್ಟು ವರ್ಷ ಮಾತಿಲ್ಲದೆ ನನ್ನ ಕಿವಿಯಲ್ಲಿದ್ದದ್ದಕ್ಕೆ ಮಾತು ಬಂದಿತ್ತು. ನಾನು ನಿಂತುಬಿಟ್ಟೆ. ಬಿಸಿಲಿಗೋ ಏನೋ, ಒಂದು ಕ್ಷಣ ಕಾಲಿನ ಸುತ್ತ ನೀರು ಹರಿದ ಹಾಗಾಯಿತು. ಸೌರ ಫಲಕದ ಪಾಠವಾದ ಮೇಲೆ ಅದನ್ನು ನಂಬುವ ಹಾಗಿರಲಿಲ್ಲ.

ಆ ಮಾತು ಅವರ ಮನೆಯ ಹೆಂಗಸರೆಲ್ಲ ಹೇಳುತ್ತಿದ್ದದ್ದೇ ಇರಬಹುದು. ಅಮ್ಮನೂ ಹೇಳಿರಬಹುದು. ಅಕ್ಕತಂಗಿಯರ ದನಿ ಒಂದೇ ಥರ ಇರುತ್ತದೆ. ಅಥವಾ ಅಮ್ಮನಿಲ್ಲದ ಮಗುವಿಗೆ ಅಮ್ಮನದೊಂದು ನೆನಪಾದರೂ ಇರಲಿ ಎಂದು ದೊಡ್ಡಮ್ಮ ತನ್ನದನ್ನೇ ಬಿಚ್ಚಿ ಕೊಟ್ಟಿರಬಹುದು, ಸೆರಗಿನ ಗಂಟಿನಿಂದ ಅಕ್ಕಿ ಕೊಟ್ಟ ಹಾಗೆ. ಹಾಗಿದ್ದರೆ ನನ್ನ ಹತ್ತಿರ ಅಮ್ಮನದು ಏನೂ ಉಳಿಯುವುದಿಲ್ಲ. ದೊಡ್ಡಮ್ಮನದು ನನಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚಾಗುತ್ತದೆ. ಇದು ನಷ್ಟವೋ ಲಾಭವೋ ಈಗಲೂ ತಿಳಿಯುತ್ತಿಲ್ಲ.

“ನಡಿಯೇ, ಮಳ್ಳು ಸುಡ್ತೈತೆ” ಎಂದು ಭುಜ ಒತ್ತಿದಳು. ಆ ಕೈಯ ಭಾರ ಹೊತ್ತು ನಾನು ಮುಂದೆ ಹೆಜ್ಜೆಯಿಟ್ಟೆ. ನಮ್ಮನ್ನು ಇಳಿಸಿ ವ್ಯಾನನ್ನು ವಾಪಸ್ ತಂದಿದ್ದ ಭಾವ ತಿಟ್ಟಿನ ಮೇಲಿಂದ ಅಭ್ಯಾಸಬಲದಿಂದ “ರೈಟ್, ರೈಟ್!” ಎಂದು ಕೂಗುತ್ತಿದ್ದರು. ಹೊಳೆಯ ನಡುವೆ ನಾನು ಕೇಳಿಯೇಬಿಟ್ಟೆ. ಅವಳು ನೆರಿಗೆಯನ್ನು ಇನ್ನೊಂದಿಷ್ಟು ಮೇಲೆತ್ತಿಕೊಂಡು, ನನ್ನ ಕಡೆ ನೋಡದೆ, ಗಂಗಮ್ಮನ ಜೊತೆ ಮಾತು ಮುಂದುವರಿಸಿದಳು. ಆಪರೇಷನ್ನಾಗಿ ಮನೆಗೆ ಬಂದ ಮೇಲೆ ಫೋನಿನಲ್ಲೂ ಕೇಳಿದೆ. ಊಟ ಆಯ್ತಾ ಎಂದಳು. ನಾನು ಕೇಳಿದ್ದು ಇಷ್ಟೇ:

“ದೊಡ್ಡಮ್ಮ, ಅವತ್ತು ನನ್ನ ಹೊತ್ಕಂಡು ದಾಟಿದ್ದು ಅಮ್ಮನೋ, ನೀನೋ?”